ನಿಮ್ಮ ನಂತರ ಈ ವೆಬ್‌ಸೈಟನ್ನು ನೋಡಿಕೊಳ್ಳುವವರು ಯಾರು?

(ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಮುಕ್ತ ತಂತ್ರಾಂಶದ ವೆಬ್ ಸರ್ವರ್‌ಗಳು ಮತ್ತು ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಗಳು’ ಎಂದು ಅಚ್ಚಾಗಿದೆ. ವೆಬ್ ಸರ್ವರ್ ಎಂದರೆ ಕೇಳಿದವರಿಗೆ ಪುಟಗಳನ್ನು ಕಳಿಸಿಕೊಡುವ ತಂತ್ರಾಂಶ, ಅಪಾಚೆಯ ಹಾಗೆ. ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆ, ಅಂದರೆ ಸಿಎಂಎಸ್, ಕೋಡ್ ಬರೆಯದೆಯೇ ಪುಟಗಳನ್ನು ಬರೆದು ಪ್ರಕಟಿಸಲು ಬಿಡುವ ತಂತ್ರಾಂಶ, ವರ್ಡ್‌ಪ್ರೆಸ್‌ನ ಹಾಗೆ. ಅಪಾಚೆಯನ್ನು ಇನ್‌ಸ್ಟಾಲ್ ಮಾಡುವುದು ಹೇಗೆ, ವರ್ಡ್‌ಪ್ರೆಸ್ ಶುರು ಮಾಡುವುದು ಹೇಗೆ ಎಂದು ತೋರಿಸುವ ವಿಡಿಯೊಗಳು ನಿಮ್ಮ ಮೊಬೈಲಿನಲ್ಲೇ ಬೇಕಾದಷ್ಟು ಸಿಗುತ್ತವೆ. ಅವನ್ನೇ ಮತ್ತೆ ಒಪ್ಪಿಸಿ ನಿಮ್ಮ ಊಟದ ಹೊತ್ತನ್ನು ಹಾಳು ಮಾಡುವುದಿಲ್ಲ. ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಬಂದಿದ್ದೇನೆ. ಇವತ್ತು ನೀವು ಊರಿನ ಯಾರಿಗೋ ಒಂದು ವೆಬ್‌ಸೈಟ್ ಮಾಡಿಕೊಡುತ್ತೀರಿ. ನಾಳೆ ಕೆಲಸ ಸಿಕ್ಕಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತೀರಿ. ಆಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಯಾವ ಸರ್ವರ್ ಒಳ್ಳೆಯದು, ಯಾವ ಸಿಎಂಎಸ್ ಒಳ್ಳೆಯದು ಎಂದು ನನ್ನನ್ನು ಕೇಳಿದಾಗಲೆಲ್ಲ ನಾನು ಮೊದಲು ಯೋಚಿಸುವುದು ಇದನ್ನೇ.

ನಾವು ದಿನವೂ ಬಳಸುವ ಈ ತಂತ್ರಾಂಶಗಳ ಚರಿತ್ರೆಯನ್ನು ಕೆದಕಿದರೂ ಇದೇ ಪ್ರಶ್ನೆ ಎದುರಾಗುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಬಹಳ ಜನ ಬಳಸುತ್ತಿದ್ದ ವೆಬ್ ಸರ್ವರ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದ್ದು. ಬರೆದವರು ರಾಬ್ ಮೆಕೂಲ್. ಅವರು 1994ರಲ್ಲಿ ಆ ಕೇಂದ್ರವನ್ನು ಬಿಟ್ಟರು, ಸರ್ವರಿನ ಬೆಳವಣಿಗೆಯೂ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. ಅದನ್ನೇ ನಂಬಿಕೊಂಡಿದ್ದವರು ದೋಷ ಕಂಡಲ್ಲಿ ತಮ್ಮ ತಮ್ಮ ಮಟ್ಟಿಗೆ ತೇಪೆ ಹಾಕಿಕೊಳ್ಳುತ್ತ ದಿನ ದೂಡಿದರು. 1995ರಲ್ಲಿ ಅವರಲ್ಲಿ ಎಂಟು ಮಂದಿ ಈಮೇಲ್ ಮೂಲಕ ಒಟ್ಟಾಗಿ, ಆ ತೇಪೆಗಳನ್ನೆಲ್ಲ ಕೂಡಿಸಿ, ಏಪ್ರಿಲ್ ತಿಂಗಳಲ್ಲಿ ಅಪಾಚೆಯ ಮೊದಲ ಆವೃತ್ತಿಯನ್ನು ಹೊರತಂದರು. ಮರುವರ್ಷವೇ ಅದು ಮೂಲ ಸರ್ವರನ್ನು ಹಿಂದಿಕ್ಕಿತು.

ವರ್ಡ್‌ಪ್ರೆಸ್ ಹುಟ್ಟಿದ್ದೂ ಹೀಗೆಯೇ. ಮಿಶೆಲ್ ವಾಲ್ಡ್ರಿಗಿ ಎಂಬವರು ‘ಬಿ2’ ಎಂಬ ಪುಟ್ಟ ಬ್ಲಾಗ್ ತಂತ್ರಾಂಶ ಬರೆದಿದ್ದರು. ಒಂದು ಹಂತದಲ್ಲಿ ಅವರ ಸುದ್ದಿಯೇ ಇಲ್ಲವಾಯಿತು. 2003ರ ಜನವರಿಯಲ್ಲಿ ಟೆಕ್ಸಾಸಿನ ಮ್ಯಾಟ್ ಮುಲ್ಲೆನ್‌ವೆಗ್ ತಮ್ಮ ಬ್ಲಾಗಿನಲ್ಲಿ ಇದರ ಬಗ್ಗೆ ಬರೆದುಕೊಂಡರು. ಆಗ ಅವರ ವಯಸ್ಸು 19, ಅಂದರೆ ನಿಮ್ಮದೇ. ಇಂಗ್ಲೆಂಡಿನ ಮೈಕ್ ಲಿಟಲ್ ‘ಕೈಜೋಡಿಸಲು ನಾನಿದ್ದೇನೆ’ ಎಂಬರ್ಥದ ಉತ್ತರ ಕೊಟ್ಟರು. ಅದೇ ವರ್ಷದ ಮೇ 27ರಂದು ವರ್ಡ್‌ಪ್ರೆಸ್ ಬಿಡುಗಡೆಯಾಯಿತು. ಇಂದು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಅದರ ಮೇಲೆಯೇ ನಡೆಯುತ್ತಿವೆ. 2005ರಲ್ಲಿ ಮ್ಯಾಂಬೊ ಎಂಬ ಸಿಎಂಎಸ್ ತಂಡದವರು ಒಡೆಯರೊಂದಿಗೆ ಜಗಳವಾಡಿ ಹೊರಬಂದು ಜೂಮ್ಲಾ ಕಟ್ಟಿದರು. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ 2008ರಲ್ಲಿ ಸನ್ ಕಂಪನಿಯ ಪಾಲಾಗಿ, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು. ಈ ನಡುವೆ ಅದರ ಮೂಲ ಕರ್ತೃಗಳಲ್ಲಿ ಒಬ್ಬರಾದ ಮಾಂಟಿ ವಿಡೇನಿಯಸ್ 2009ರಲ್ಲೇ ಮಾರಿಯಾಡಿಬಿ ಎಂಬ ಬೇರೆ ಕವಲನ್ನು ತೆಗೆದಿದ್ದರು.

ಬರೆದವನು ಎದ್ದು ಹೋದ, ಬಳಸುವವರು ಉಳಿದರು, ಉಳಿದವರು ಕೆಲಸ ಮುಂದುವರಿಸಿದರು. ಇದು ಸಾಧ್ಯವಾದದ್ದು ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಅವರ ಕೈಯಲ್ಲಿ ಇದ್ದುದರಿಂದ, ಅದನ್ನು ತಿದ್ದಿ ಮತ್ತೆ ಹಂಚುವ ಹಕ್ಕು ಲೈಸೆನ್ಸಿನಲ್ಲಿ ಬರೆದಿದ್ದುದರಿಂದ. ಮುಕ್ತ ತಂತ್ರಾಂಶ ಎಂದಕೂಡಲೇ ನಮ್ಮ ಕಡೆಯವರು ಕೇಳುವುದು ‘ಪುಕ್ಕಟೆಯೇ?’ ಎಂದು. ಪುಕ್ಕಟೆ ಎಂಬುದು ಅದರ ಅತಿ ಸಣ್ಣ ಗುಣ.

ಅದರ ದೊಡ್ಡ ಗುಣ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಗಂಗಾವತಿಯಲ್ಲಿ ನೋಡಿದ್ದೇನೆ. ಒಂದು ಅಕ್ಕಿ ಗಿರಣಿ. ಅವರಿಗೆ ಯಾರೋ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಸೋನಾ ಮಸೂರಿಯ ತಳಿಗಳು, ಚೀಲದ ತೂಕ, ಫೋಟೊ, ದರ ವಿಚಾರಿಸುವ ಒಂದು ಫಾರಂ, ಇಷ್ಟೇ. ಒಳಗಿನ ಸಿಎಂಎಸ್ ಮಾತ್ರ ಮಾಡಿಕೊಟ್ಟವರ ಸ್ವಂತದ್ದು. ಅದರ ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಒಂದು ಪ್ರೋಗ್ರಾಮಿಂಗ್ ಭಾಷೆ) ಕಡತಗಳನ್ನು ಯಾರೂ ಓದಲಾಗದಂತೆ ಎನ್‌ಕೋಡ್ ಮಾಡಿ ಹಾಕಿದ್ದರು. ಪಿಎಚ್‌ಪಿ 5.6ಕ್ಕೆ 2018ರ ಕೊನೆಗೆ ಬೆಂಬಲ ನಿಂತಿತು. ಹೋಸ್ಟಿಂಗ್‌ನವರು, ಅಂದರೆ ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಟ್ಟವರು, ಮುಂದೊಂದು ದಿನ ಹಳೆಯ ಪಿಎಚ್‌ಪಿಯನ್ನು ತೆಗೆದುಹಾಕಿದರು, ವೆಬ್‌ಸೈಟ್ ಬಿಳಿ ಹಾಳೆಯಾಯಿತು. ಮಾಡಿಕೊಟ್ಟವರ ಫೋನ್ ಸ್ವಿಚ್ ಆಫ್. ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ನೋಂದಣಿ ಆಗಿದ್ದದ್ದು ಅವರ ಈಮೇಲಿಗೆ. ಗಿರಣಿಯ ಸಾಹುಕಾರರು ನನಗೆ ಹೇಳಿದ ಮಾತು ಇದು: “ತಮ್ಮಾ, ಗಿರಣಿ ನನ್ನದು, ಹೆಸರು ನನ್ನದು, ದುಡ್ಡು ಕೊಟ್ಟವನೂ ನಾನೇ. ಕೀಲಿ ಮಾತ್ರ ಯಾರದೋ ಜೇಬಿನಲ್ಲಿದೆಯಲ್ಲ!”

“ಸಾಹುಕಾರರೇ, ಡೇಟಾಬೇಸಿನ ಪಾಸ್‌ವರ್ಡ್ ಏನಾದರೂ ಬರೆದಿಟ್ಟಿದ್ದೀರಾ?” ಎಂದು ಕೇಳಿದೆ. ಅವರು ಬಿಲ್ ತೋರಿಸಿದರು.

ಕೊನೆಗೆ ಹಳೆಯ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ, ತಳಿಗಳ ಹೆಸರುಗಳನ್ನು ಮತ್ತೆ ಟೈಪ್ ಮಾಡಿ, ಬೇರೆ ಡೊಮೇನ್ ಕೊಂಡು ಹೊಸದಾಗಿ ಕಟ್ಟಬೇಕಾಯಿತು. ಅದೇ ವೆಬ್‌ಸೈಟ್ ವರ್ಡ್‌ಪ್ರೆಸ್ಸೋ ಡ್ರೂಪಲ್ ಎಂಬ ಇನ್ನೊಂದು ಮುಕ್ತ ಸಿಎಂಎಸ್ಸೋ ಆಗಿದ್ದಿದ್ದರೆ ಸಿಂಧನೂರಿನಲ್ಲೋ ಕಾರಟಗಿಯಲ್ಲೋ ಕೂತಿರುವ ಯಾವ ಹುಡುಗಿಯಾದರೂ ತೆರೆದು, ಓದಿ, ಸರಿಮಾಡಬಹುದಿತ್ತು. ಆದ್ದರಿಂದ ನೀವೇ ಒಂದು ಸಿಎಂಎಸ್ ಬರೆದು ಗಿರಾಕಿಯ ತಲೆಗೆ ಕಟ್ಟಬೇಡಿ. ಕಲಿಯಲು ಬರೆಯಿರಿ, ಖಂಡಿತ ಬರೆಯಿರಿ, ಆದರೆ ಮಾರಬೇಡಿ.

ಈಗ ಸರ್ವರಿನ ಒಳಕ್ಕೆ ಹೋಗೋಣ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾದದ್ದು ಈ ಭಾಗದವರಾದ ನಿಮಗೆ ನೆನಪಿರುತ್ತದೆ. ಆ ವಾರವಿಡೀ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರ ಮೊಬೈಲುಗಳಲ್ಲಿ ಒಂದೇ ಪ್ರಶ್ನೆ: ಡ್ಯಾಮಿನಲ್ಲಿ ನೀರು ಎಷ್ಟು ಉಳಿಯಿತು? ಇಂಥ ಹೊತ್ತಿನಲ್ಲಿ ಜಲಾಶಯದ ಮಟ್ಟ ತೋರಿಸುವ ಒಂದು ಪುಟ ನಿಮ್ಮ ಕೈಯಲ್ಲಿದೆ ಎಂದು ಊಹಿಸಿ. ಹತ್ತು ಸಾವಿರ ಜನ ಒಮ್ಮೆಗೇ ಅದನ್ನು ತೆರೆಯುತ್ತಾರೆ.

ಅಪಾಚೆಯ ಹಳೆಯ ಪದ್ಧತಿ, ಅಂದರೆ ಪ್ರೀಫೋರ್ಕ್, ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಒಂದು ಪ್ರತಿ, ಕೊಡುತ್ತದೆ. ಅದರೊಳಗೇ ಪಿಎಚ್‌ಪಿಯೂ ಕೂತಿದ್ದರೆ ಒಂದೊಂದು ಪ್ರೊಸೆಸ್ 40 ಎಂಬಿ ಮೆಮೊರಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ನೂರು ಜನ ಬಂದರೆ 4 ಜಿಬಿ ಖಾಲಿ. ತೊಂದರೆ ಜನರ ಸಂಖ್ಯೆಯದಷ್ಟೇ ಅಲ್ಲ, ಅವರ ನೆಟ್‌ವರ್ಕಿನದು ಕೂಡ. ದೇವದುರ್ಗದ ಯಾವುದೋ ಹಳ್ಳಿಯಲ್ಲಿ ಸಿಗ್ನಲ್ ಒಂದೇ ಕಡ್ಡಿ ಇರುವವನು ಆ ಪುಟವನ್ನು ಹನಿಹನಿಯಾಗಿ ಇಳಿಸಿಕೊಳ್ಳುತ್ತಿರುತ್ತಾನೆ. ಅವನ ಡೌನ್‌ಲೋಡ್ ಮುಗಿಯುವ ತನಕ ಆ 40 ಎಂಬಿಯ ಪ್ರೊಸೆಸ್ ಬೇರೆ ಕೆಲಸವಿಲ್ಲದೆ ಅವನಿಗಾಗಿ ಕಾಯುತ್ತಿರುತ್ತದೆ.

ಒಂದು ಯಂತ್ರದಲ್ಲಿ ಹತ್ತು ಸಾವಿರ ಸಂಪರ್ಕಗಳನ್ನು ನಿಭಾಯಿಸುವುದು ಹೇಗೆ ಎಂಬ ಸವಾಲನ್ನು 1999ರಲ್ಲಿ ಡ್ಯಾನ್ ಕೆಗೆಲ್ ‘ಸಿ10ಕೆ’ ಎಂದು ಹೆಸರಿಟ್ಟು ಮುಂದಿಟ್ಟರು. ರಷ್ಯಾದ ರ‍್ಯಾಂಬ್ಲರ್ ಕಂಪನಿಯಲ್ಲಿ ಸಿಸ್ಟಂ ಅಡ್ಮಿನ್ ಆಗಿದ್ದ ಇಗೊರ್ ಸೈಸೊಯೆವ್ 2002ರಲ್ಲಿ ಕೈಹಚ್ಚಿ, 2004ರ ಅಕ್ಟೋಬರ್‌ನಲ್ಲಿ ಎಂಜಿನ್‌ಎಕ್ಸ್ ಸರ್ವರನ್ನು ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿ ಸಿಪಿಯು ಕೋರ್‌ಗೆ ಒಂದರಂತೆ ಬೆರಳೆಣಿಕೆಯ ವರ್ಕರ್ ಪ್ರೊಸೆಸ್‌ಗಳು ಮಾತ್ರ ಇರುತ್ತವೆ. ಪ್ರತಿಯೊಂದೂ ಸಾವಿರಾರು ಸಂಪರ್ಕಗಳನ್ನು ಹಿಡಿದುಕೊಂಡು, ಯಾವುದರಲ್ಲಿ ಡೇಟಾ ಬಂತೋ ಅದನ್ನಷ್ಟೇ ಮುಟ್ಟುತ್ತದೆ. ದೇವದುರ್ಗದ ನಿಧಾನ ಮೊಬೈಲಿಗಾಗಿ ಕಾಯುವ ವೆಚ್ಚ ಕೆಲವೇ ಕಿಲೊಬೈಟ್. ಅಪಾಚೆಯಲ್ಲೂ ಈಗ ‘ಇವೆಂಟ್’ ಎಂಬ ಇಂಥದೇ ಪದ್ಧತಿ ಇದೆ, ಹಳೆಯ ದೂರುಗಳನ್ನೇ ಇಟ್ಟುಕೊಂಡು ಅದನ್ನು ಹಳಿಯುವುದು ನ್ಯಾಯವಲ್ಲ.

ಆದರೆ ನನ್ನನ್ನು ಕೇಳಿದರೆ ಜಲಾಶಯದ ಪುಟಕ್ಕೆ ಬೇಕಾದ ಔಷಧ ಸರ್ವರಿನ ಹೆಸರಲ್ಲಿ ಇಲ್ಲ. ನೀರಿನ ಮಟ್ಟ ಬದಲಾಗುವುದು ಗಂಟೆಗೊಮ್ಮೆ, ಪುಟ ತೆರೆಯುವವರು ಸೆಕೆಂಡಿಗೆ ನೂರಾರು ಜನ. ಪ್ರತಿ ಸಲವೂ ಡೇಟಾಬೇಸನ್ನು ಎಬ್ಬಿಸಿ ಕೇಳುವುದೇಕೆ? ಎಂಜಿನ್‌ಎಕ್ಸ್‌ನಲ್ಲಿ ಪುಟವನ್ನು ಬರೀ ಒಂದು ಸೆಕೆಂಡ್ ಕ್ಯಾಶ್ ಮಾಡಿಟ್ಟರೂ, ಅಂದರೆ ಸಿದ್ಧವಾದ ಪ್ರತಿಯನ್ನೇ ಇಟ್ಟುಕೊಂಡು ಹಂಚಿದರೂ, ಆ ಸೆಕೆಂಡಿನಲ್ಲಿ ಬಂದ ಐನೂರು ಜನರಲ್ಲಿ ಪಿಎಚ್‌ಪಿಯ ತನಕ ಹೋಗುವವನು ಒಬ್ಬನೇ.

ಅಪಾಚೆಯಿಂದ ಎಂಜಿನ್‌ಎಕ್ಸ್‌ಗೆ ಹೋಗುವಾಗ ಒಂದು ಗುಂಡಿ ಇದೆ. ಅಪಾಚೆಯಲ್ಲಿ ‘ಡಾಟ್ ಎಚ್‌ಟಿಆಕ್ಸೆಸ್’ ಎಂಬ ಕಡತ ಯಾವ ಫೋಲ್ಡರಿನಲ್ಲಿ ಇದ್ದರೂ ಸರ್ವರ್ ಪ್ರತಿ ಕೋರಿಕೆಗೂ ಅದನ್ನು ಓದಿ ಪಾಲಿಸುತ್ತದೆ. ಅಗ್ಗದ ಶೇರ್ಡ್ ಹೋಸ್ಟಿಂಗ್ ನಿಂತಿರುವುದೇ ಈ ಸೌಲಭ್ಯದ ಮೇಲೆ. ಎಂಜಿನ್‌ಎಕ್ಸ್ ಆ ಕಡತದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಪುಟಗಳ ವಿಳಾಸ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ, ಸರಿಮಾಡುತ್ತೀರಿ. ಆದರೆ ‘ಅಪ್‌ಲೋಡ್ಸ್’ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಬಾರದು ಎಂದು ಅಲ್ಲಿ ಬರೆದಿಟ್ಟ ತಡೆಯೂ ಸದ್ದಿಲ್ಲದೆ ಮಾಯವಾಗಿರುತ್ತದೆ. ಆ ತಡೆಯನ್ನು ಹೊಸ ಸರ್ವರಿನ ಕಾನ್ಫಿಗರೇಷನ್‌ನಲ್ಲಿ ನೀವೇ ಮತ್ತೆ ಬರೆಯಬೇಕು.

ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ, ಅಂದರೆ ವೆಬ್‌ಸೈಟಿನ ಗುರುತನ್ನು ಬ್ರೌಸರಿಗೆ ಖಾತ್ರಿಪಡಿಸುವ ಪತ್ರದ, ಬಗ್ಗೆ ಎರಡೇ ಮಾತು. 2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸರ್ಟಿಫಿಕೇಟ್ ಕೊಡುವ ಸಂಸ್ಥೆ ಎಲ್ಲರಿಗೂ ತೆರೆದುಕೊಂಡ ಮೇಲೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಶುರುವಿನಿಂದಲೂ ಅವರು ಕೊಟ್ಟದ್ದು 90 ದಿನಗಳ ಸರ್ಟಿಫಿಕೇಟ್, ನವೀಕರಣ ತಾನಾಗಿ ನಡೆಯಬೇಕು ಎಂಬುದೇ ಅದರ ಉದ್ದೇಶ. ನವೀಕರಿಸುವ ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ನಿಂತುಹೋದದ್ದು ಯಾರಿಗೂ ತಿಳಿಯದೆ, ಒಂದು ಬೆಳಗ್ಗೆ ಗಿರಾಕಿಗಳಿಗೆಲ್ಲ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿದಾಗ ಎಲ್ಲರೂ ಎಚ್ಚರಗೊಳ್ಳುತ್ತಾರೆ. ನೋಡಿಕೊಳ್ಳುವವರೇ ಇಲ್ಲದ ಪುಟ್ಟ ವೆಬ್‌ಸೈಟುಗಳಿಗೆ ನಾನು ಕ್ಯಾಡಿ ಸರ್ವರನ್ನು ಇಷ್ಟಪಡುವುದು ಇದಕ್ಕೇ. ಸರ್ಟಿಫಿಕೇಟ್ ತರುವುದು, ನವೀಕರಿಸುವುದು ಎಲ್ಲವನ್ನೂ ಅದೇ ಮಾಡುತ್ತದೆ, ಮರೆಯಬಹುದಾದ ಕೆಲಸ ಒಂದು ಕಡಿಮೆ.

ಕನ್ನಡದಲ್ಲಿ ವೆಬ್‌ಸೈಟ್ ಮಾಡುವವರಿಗೆ ಪಠ್ಯಪುಸ್ತಕದಲ್ಲಿ ಇಲ್ಲದ ಕೆಲವು ಸಂಗತಿಗಳಿವೆ. ಕನ್ನಡದ ಪ್ರತಿ ಅಕ್ಷರಚಿಹ್ನೆಗೂ ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನು ಪರ್ಸೆಂಟ್ ಚಿಹ್ನೆ ಮತ್ತು ಎರಡು ಅಂಕಿಗಳಾಗಿ ಬರೆಯುತ್ತಾರೆ. ಹಾಗಾಗಿ ಒಂದು ‘ಕ’ ಬರೆಯಲು ಒಂಬತ್ತು ಜಾಗ ಬೇಕು. ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಪುಟದ ವಿಳಾಸಕ್ಕೆ ಇಟ್ಟಿರುವ ಜಾಗ 200. ಅಂದರೆ ಸುಮಾರು 22 ಚಿಹ್ನೆಗಳು, ಮತ್ತು ಕೊಂಬು, ಇಳಿ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ.

‘ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುಗಡೆ’ ಎಂದು ಒಂದು ಶೀರ್ಷಿಕೆ ಕೊಟ್ಟು ನೋಡಿ. ವಿಳಾಸ ‘ತುಂಗಭದ್ರಾ-ಎಡದಂಡೆ-ಕಾಲುವೆಗ’ ಎಂಬಲ್ಲಿಗೆ ಸರಿಯಾಗಿ 200ಕ್ಕೆ ಕತ್ತರಿಸಿಹೋಗುತ್ತದೆ. ‘ಗೆ’ ಅಕ್ಷರದ ಎತ್ವಕ್ಕೂ ಜಾಗವಿಲ್ಲ, ನೀರೂ ಇಲ್ಲ, ಬಿಡುಗಡೆಯೂ ಇಲ್ಲ. ಮುಂದಿನ ವಾರ ‘ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ್’ ಎಂದು ಬರೆದರೆ ಅದಕ್ಕೂ ಅದೇ ವಿಳಾಸ, ಬಾಲದಲ್ಲಿ ಒಂದು 2. ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡರೆ ಪರ್ಸೆಂಟ್ ಚಿಹ್ನೆಗಳ ದಂಡು. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ಮಾತ್ರ ಕೈಯಾರೆ, ಚಿಕ್ಕದಾಗಿ, ರೋಮನ್ ಲಿಪಿಯಲ್ಲಿ ಕೊಡಿ ಎಂದು ನಾನು ಹೇಳುತ್ತೇನೆ. ಕನ್ನಡಾಭಿಮಾನಿಗಳು ಸಿಟ್ಟಾದರೆ ಮೇಲಿನ ಲೆಕ್ಕವನ್ನು ಅವರ ಮುಂದೆ ಇಡಿ.

ಹುಡುಕಾಟದ ಕಿರಿಕಿರಿ ಇನ್ನೊಂದು. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಕಾಣಬೇಕಾದರೆ ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು, ಇಲ್ಲದಿದ್ದರೆ ಎರಡೂ ಸೇರಿ ಒತ್ತಕ್ಷರವಾಗುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ. ಕಂಪ್ಯೂಟರಿಗೆ ಅವು ಎರಡು ಬೇರೆ ಪದಗಳು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಯುನಿಕೋಡ್‌ಗೆ ಬದಲಾಯಿಸದೆ ಅಂಟಿಸಿದರೆ ಆಗುವ ಅವಾಂತರವನ್ನು ಯಾವುದೇ ಕಚೇರಿಯ ಟೈಪಿಸ್ಟ್ ನಿಮಗೆ ಹೇಳುತ್ತಾರೆ.

ಮೈಎಸ್‌ಕ್ಯೂಎಲ್‌ನಲ್ಲಿ ಬಹುಕಾಲ ‘ಯುಟಿಎಫ್8’ ಎಂದು ಕರೆಯಿಸಿಕೊಂಡದ್ದು ಮೂರು ಬೈಟಿನ ತನಕ ಮಾತ್ರ ಹಿಡಿಯುತ್ತಿತ್ತು. ಕನ್ನಡಕ್ಕೆ ಅಷ್ಟು ಸಾಕು, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎಮೋಜಿಗೆ ನಾಲ್ಕು ಬೈಟ್ ಬೇಕು. ಸಡಿಲ ಸೆಟ್ಟಿಂಗಿನ ಹಳೆಯ ಸರ್ವರಿನಲ್ಲಿ, ಬರಹದ ನಡುವೆ ಯಾರಾದರೂ ಕೈಮುಗಿಯುವ ಎಮೋಜಿ ಹಾಕಿದರೆ ಅಲ್ಲಿಂದಾಚೆಗಿನ ಕನ್ನಡವೆಲ್ಲ ಹಾರಿಹೋಗುತ್ತದೆ. 2015ರಲ್ಲಿ ವರ್ಡ್‌ಪ್ರೆಸ್ 4.2 ನಾಲ್ಕು ಬೈಟಿನ ‘ಯುಟಿಎಫ್8ಎಂಬಿ4’ಗೆ ಬಂತು. ನೀವು ಹಳೆಯ ಡೇಟಾಬೇಸನ್ನು ವಹಿಸಿಕೊಂಡರೆ ಮೊದಲು ಅದನ್ನು ನೋಡಿ.

ವಹಿಸಿಕೊಳ್ಳುವುದು ಎಂದೆ. ಅದಕ್ಕೆ ಕತ್ತಲೆಯ ಮಗ್ಗುಲೂ ಉಂಟು. 2017ರಲ್ಲಿ ‘ಡಿಸ್‌ಪ್ಲೇ ವಿಜೆಟ್ಸ್’ ಎಂಬ ವರ್ಡ್‌ಪ್ರೆಸ್ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕು) ಸುಮಾರು ಎರಡು ಲಕ್ಷ ವೆಬ್‌ಸೈಟುಗಳಲ್ಲಿ ಇತ್ತು. ಬರೆದವರು ಅದನ್ನು ಮಾರಿದರು. ಕೊಂಡವರು ಅಪ್‌ಡೇಟ್ ಹೆಸರಿನಲ್ಲಿ ಹಿಂಬಾಗಿಲು ಸೇರಿಸಿದರು. ಅಪ್‌ಡೇಟ್ ಮಾಡಿ ಎಂಬ ಉಪದೇಶವನ್ನು ಶ್ರದ್ಧೆಯಿಂದ ಪಾಲಿಸಿದವರೇ ಸಿಕ್ಕಿಬಿದ್ದರು. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶದ ಪ್ರಕರಣ ಇನ್ನೂ ಭಯಂಕರ. ಬಳಲಿದ್ದ ಒಬ್ಬನೇ ಪಾಲಕನಿಗೆ ನೆರವಾಗುತ್ತೇನೆಂದು ಬಂದ ಅಪರಿಚಿತ ಎರಡು ವರ್ಷ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಆಮೇಲೆ ವಿಷ ಬೆರೆಸಿದ. ಪತ್ತೆ ಹಚ್ಚಿದ ಆಂಡ್ರೆಸ್ ಫ್ರೋಯಿಂಡ್ ಅವರಿಗೆ ಸಿಕ್ಕ ಸುಳಿವು, ಸರ್ವರಿಗೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದ್ದುದು. ಕೋಡ್ ಮುಕ್ತವಾಗಿದ್ದರಿಂದ ಅವರು ಕೆದಕಿ ನೋಡಬಲ್ಲವರಾದರು. ಆದರೆ ಮುಕ್ತವಾಗಿರುವುದೆಲ್ಲವನ್ನೂ ಯಾರೋ ಓದುತ್ತಿರುತ್ತಾರೆ ಎಂದು ನಂಬಿ ಮಲಗುವಂತಿಲ್ಲ.

ಅಪ್‌ಡೇಟನ್ನು ಎಷ್ಟು ಬೇಗ ಹಾಕಬೇಕು ಎಂಬ ಮಾತಿಗೆ ಡ್ರೂಪಲ್ ಕತೆ ಕೇಳಿ. 2014ರ ಅಕ್ಟೋಬರ್ 15ರಂದು ನಮ್ಮ ಗಡಿಯಾರದಲ್ಲಿ ರಾತ್ರಿ 9.30ಕ್ಕೆ ಡ್ರೂಪಲ್ 7ರ ಒಂದು ದೊಡ್ಡ ದೋಷವನ್ನೂ ಅದರ ಪರಿಹಾರವನ್ನೂ ಪ್ರಕಟಿಸಿದರು. ಏಳು ಗಂಟೆಗಳೊಳಗೆ ಸರಿಪಡಿಸಿಕೊಳ್ಳದಿದ್ದವರು ತಮ್ಮ ವೆಬ್‌ಸೈಟ್ ಈಗಾಗಲೇ ಕಳ್ಳರ ಪಾಲಾಗಿದೆ ಎಂದೇ ತಿಳಿಯಬೇಕು ಎಂದು ಅವರ ಭದ್ರತಾ ತಂಡ ಆಮೇಲೆ ಸಾರಿತು. ಅಂದರೆ ಊಟ ಮಾಡಿ ಮಲಗಿ ಬೆಳಗಿನ ಜಾವ 4.30ಕ್ಕೆ ಎದ್ದವನಿಗೂ ಹೊತ್ತು ಮೀರಿತ್ತು. ಸಣ್ಣ ಅಪ್‌ಡೇಟುಗಳು ತಾವಾಗಿ ಆಗುವ ಸೌಲಭ್ಯ ವರ್ಡ್‌ಪ್ರೆಸ್‌ನಲ್ಲಿ 2013ರ 3.7ನೇ ಆವೃತ್ತಿಯಿಂದ ಇದೆ. ದಯವಿಟ್ಟು ಅದನ್ನು ಆಫ್ ಮಾಡಬೇಡಿ.

ನಮ್ಮ ಊರುಗಳಲ್ಲಿ ನಾನು ಕಂಡ ಮಟ್ಟಿಗೆ ವೆಬ್‌ಸೈಟ್ ಹಾಳಾಗುವುದು ಇಷ್ಟು ದೊಡ್ಡ ಕಾರಣಗಳಿಂದ ಅಲ್ಲ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮನ್ನು (ವೆಬ್‌ಸೈಟಿನ ಸಿದ್ಧ ವಿನ್ಯಾಸವನ್ನು) ಯಾವುದೋ ಮೂಲೆಯಿಂದ ಪುಕ್ಕಟೆ ಇಳಿಸಿಕೊಂಡಿರುತ್ತಾರೆ, ಅದರೊಳಗೇ ಕಳ್ಳ ಕೂತಿರುತ್ತಾನೆ. ಇಲ್ಲವೇ ‘ಡಬ್ಲ್ಯುಪಿ ಕಾನ್ಫಿಗ್’ ಕಡತವನ್ನು ತಿದ್ದುವ ಮೊದಲು ಅದರ ಪ್ರತಿ ಇರಲಿ ಎಂದು ಹೆಸರಿನ ಕೊನೆಗೆ ‘ಡಾಟ್ ಓಲ್ಡ್’ ಸೇರಿಸಿ ಅಲ್ಲೇ ಬಿಟ್ಟಿರುತ್ತಾರೆ. ಹೆಸರು ಪಿಎಚ್‌ಪಿ ಎಂದು ಮುಗಿದರೆ ಮಾತ್ರ ಸರ್ವರ್ ಅದನ್ನು ಓಡಿಸುತ್ತದೆ. ‘ಓಲ್ಡ್’ ಎಂದು ಮುಗಿದದ್ದನ್ನು ಕೇಳಿದವರಿಗೆಲ್ಲ ಹಾಗೆಯೇ ಬಡಿಸುತ್ತದೆ, ಡೇಟಾಬೇಸಿನ ಪಾಸ್‌ವರ್ಡ್ ಸಮೇತ.

ಹಾಗಾದರೆ ವೆಬ್‌ಸೈಟನ್ನು ಹ್ಯೂಗೊದಂಥ ಜನರೇಟರಿನಿಂದ ಬರಿಯ ಎಚ್‌ಟಿಎಂಎಲ್ ಕಡತಗಳಾಗಿಯೇ ಮಾಡಿಬಿಡಬಹುದಲ್ಲ, ಒಡೆಯಲು ಏನೂ ಇರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನನಗೂ ಅದು ಬಹಳ ಇಷ್ಟ. ವರ್ಷಕ್ಕೊಮ್ಮೆ ಬದಲಾಗುವ ವೆಬ್‌ಸೈಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ವಾರಕ್ಕೊಂದು ಸುತ್ತೋಲೆ ಹಾಕಬೇಕಾದ ಶಾಲೆಯ ಗುಮಾಸ್ತರಿಗೆ ನೀವು ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಕಲಿಸುತ್ತೀರಾ? ಅವರಿಗೆ ಬೇಕಾದದ್ದು ಲಾಗಿನ್, ಒಂದು ಖಾಲಿ ಪೆಟ್ಟಿಗೆ, ‘ಪ್ರಕಟಿಸಿ’ ಎಂಬ ಗುಂಡಿ. ವರ್ಡ್‌ಪ್ರೆಸ್‌ನ ಕೋಡ್ ಹಳೆಯದು, ಸುಂದರವೂ ಅಲ್ಲ. ಆದರೂ ಗುಮಾಸ್ತರು ಬದಲಾಗುವ ಕಡೆ ನಾನು ಅದನ್ನೇ ಹಾಕುತ್ತೇನೆ, ಏಕೆಂದರೆ ಮುಂದೆ ಬರುವವರಿಗೆ ಅದು ಗೊತ್ತಿರುವ ಸಂಭವವೇ ಹೆಚ್ಚು.

ಕೆಲಸಕ್ಕೆ ಸೇರುವವರಿಗೆ ನಡುವೆ ಒಂದು ಮಾತು. 2019ರ ಡಿಸೆಂಬರ್‌ನಲ್ಲಿ ಎಂಜಿನ್‌ಎಕ್ಸ್‌ನ ಮಾಸ್ಕೊ ಕಚೇರಿಯ ಮೇಲೆ ಪೊಲೀಸರು ದಾಳಿ ಮಾಡಿದರು. ಸೈಸೊಯೆವ್ ನಮ್ಮಲ್ಲಿ ನೌಕರಿಯಲ್ಲಿದ್ದಾಗ ಬರೆದ ಕೋಡ್, ಆದ್ದರಿಂದ ಅದು ನಮ್ಮದು ಎಂಬುದು ರ‍್ಯಾಂಬ್ಲರ್ ಕಡೆಯವರ ವಾದವಾಗಿತ್ತು. ತೆರೆದಿಟ್ಟು 15 ವರ್ಷವಾದ ಮೇಲೆ! ನಿಮ್ಮ ಆಫರ್ ಲೆಟರಿನಲ್ಲಿ ಸಂಬಳದ ಸಾಲಿನ ಜೊತೆಗೆ, ಬಿಡುವಿನಲ್ಲಿ ಬರೆದ ಕೋಡ್ ಯಾರದು ಎಂಬ ಸಾಲನ್ನೂ ಓದಿ.

ಹೊರಡುವ ಮುನ್ನ ಗಿರಾಕಿಗೆ ಒಂದು ಹಾಳೆ ಬರೆದುಕೊಡಿ. ಡೊಮೇನ್ ಯಾರ ಹೆಸರಿನಲ್ಲಿದೆ, ಹೋಸ್ಟಿಂಗ್ ಎಲ್ಲಿದೆ, ಕಂತು ಯಾವಾಗ, ಬ್ಯಾಕಪ್ ಎಲ್ಲಿ ಬೀಳುತ್ತದೆ, ಅದನ್ನು ಕೊನೆಯ ಸಲ ಬೇರೆ ಯಂತ್ರದಲ್ಲಿ ತೆರೆದು ನೋಡಿದ್ದು ಯಾವಾಗ ಎಂಬುದೆಲ್ಲ ಕನ್ನಡದಲ್ಲಿ ಇರಲಿ. ಬ್ಯಾಕಪ್ ಎಂದರೆ ಡೇಟಾಬೇಸ್ ಮಾತ್ರವಲ್ಲ, ಅಪ್‌ಲೋಡ್ಸ್ ಫೋಲ್ಡರೂ ಬೇಕು. ಬರಹ ಉಳಿದು ಫೋಟೊಗಳೆಲ್ಲ ಹೋದ ವೆಬ್‌ಸೈಟುಗಳನ್ನು ಕಂಡಿದ್ದೇನೆ. ಪಾಸ್‌ವರ್ಡುಗಳನ್ನು ಬೇರೆ ಲಕೋಟೆಯಲ್ಲಿ ಹಾಕಿ, ಪಹಣಿ, ಪತ್ರಗಳ ಜೊತೆ ಬೀರುವಿನಲ್ಲಿ ಇಡಿ ಎಂದು ಹೇಳಿ. ನಗಬೇಡಿ, ಬೀರುವಿನಲ್ಲಿಟ್ಟ ಕಾಗದವನ್ನು ನಮ್ಮ ಜನ ಕಳೆದುಕೊಳ್ಳುವುದಿಲ್ಲ.

ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ್, ತಂತ್ರಾಂಶ ಪುಕ್ಕಟೆ ಸಿಗುತ್ತದೆ ಎಂದು ಗಿರಾಕಿಗೂ ಗೊತ್ತಿರುತ್ತದೆ. ಹಾಗಿರುವಾಗ ನಾವು ಯಾವುದಕ್ಕೆ ದುಡ್ಡು ಕೇಳುವುದು?”

“ಎರಡು ಬೇರೆ ಬೇರೆ ಸಾಲು ಬರೆಯಮ್ಮ” ಎಂದೆ. “ಕಟ್ಟಿಕೊಡುವುದಕ್ಕೆ ಒಂದು ಮೊತ್ತ. ಅಪ್‌ಡೇಟ್, ಬ್ಯಾಕಪ್, ಸರ್ಟಿಫಿಕೇಟ್ ನೋಡಿಕೊಳ್ಳುವುದಕ್ಕೆ ವರ್ಷಕ್ಕೊಂದು ಮೊತ್ತ. ಚೌಕಾಸಿ ಮಾಡಿದರೆ ಮೊದಲನೆಯದರಲ್ಲಿ ಬಿಡು, ಎರಡನೆಯದರಲ್ಲಿ ಬಿಡಬೇಡ. ಡೊಮೇನ್ ಮತ್ತು ಹೋಸ್ಟಿಂಗ್ ದುಡ್ಡು ನಿನ್ನ ಕೈಗೆ ಬರುವುದೇ ಬೇಡ, ಅವರ ಕಾರ್ಡಿನಿಂದ, ಅವರ ಈಮೇಲಿಗೆ, ಅವರ ಎದುರೇ ಕಟ್ಟಿಸು.”